ಇಂಗ್ಲಿಷಿನ ದೊಡ್ಡ ಶಬ್ದಗಳೂ ನಾವೂ

(ತಾಲ್ಲೂಕು ಯುವಜನರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಇಂಗ್ಲಿಷಿನಲ್ಲಿ ಉನ್ನತ ಶಬ್ದಸಂಪತ್ತನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ನಾವು ಮಾತನಾಡಬೇಕೆಂದು ಶಿಬಿರದ ಗೆಳೆಯರು ಗೊತ್ತುಮಾಡಿದ್ದಾರೆ. ವಿಷಯ ಕೇಳಿ ಕೆಲವರು ನಕ್ಕರಂತೆ. ಸಮಾಜವಾದಿಗಳ ಶಿಬಿರದಲ್ಲಿ ಇಂಗ್ಲಿಷ್ ಪಾಠವೇ? 1957ರಲ್ಲಿ ಡಾ. ಲೋಹಿಯಾ ಇಂಗ್ಲಿಷನ್ನು ತೊಲಗಿಸುವ ಚಳುವಳಿ ಹೂಡಲಿಲ್ಲವೇ? ನಕ್ಕವರಿಗೆ ಉತ್ತರ ಹೇಳಿಯೇ ಮುಂದಕ್ಕೆ ಹೋಗುತ್ತೇವೆ. ಲೋಹಿಯಾ ಬರ್ಲಿನ್ನಿನಲ್ಲಿ ಓದಿ ಡಾಕ್ಟರೇಟ್ ಪಡೆದವರು, ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದವರು, ‘ಮ್ಯಾನ್‌ಕೈಂಡ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದವರು. ಅವರು ತೊಲಗಿಸಹೊರಟದ್ದು ಕಚೇರಿ, ನ್ಯಾಯಾಲಯ, ಶಾಸನಸಭೆಗಳ ಗದ್ದುಗೆಯ ಮೇಲೆ ಕುಳಿತ ಇಂಗ್ಲಿಷನ್ನು. ಓದುವವನ ಕೈಯಲ್ಲಿರುವ ಪುಸ್ತಕವನ್ನಲ್ಲ. ನಮ್ಮ ರಾಜ್ಯದ ಆಡಳಿತ ಭಾಷೆ ಕನ್ನಡವೆಂದು 1963ರಲ್ಲಿಯೇ ಕಾನೂನಾಯಿತು. ಆದರೂ ಹೈಕೋರ್ಟಿನ, ಸುಪ್ರೀಂ ಕೋರ್ಟಿನ ತೀರ್ಪು ಬರುವುದು ಇಂಗ್ಲಿಷಿನಲ್ಲಿಯೇ. ಗದ್ದುಗೆಯಿಂದ ಇಳಿಸುವವರೆಗೂ ಅದು ಆಡುವ ಮಾತು ನಮಗೆ ತಿಳಿಯದಿದ್ದರೆ ನಷ್ಟ ಯಾರಿಗೆ? ಗದ್ದುಗೆಗಂತೂ ಅಲ್ಲ.

ನಾವು ಓದಿದ್ದು ಮೆಟ್ರಿಕ್‌ವರೆಗೆ. ಕೆಲವು ವರ್ಷ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದು, ಈಗ ಪಕ್ಷದ ಕೆಲಸಕ್ಕೆಂದು ಊರೂರು ತಿರುಗುವವರು. ಪಂಡಿತರ ಹಾಗೆ ವ್ಯಾಖ್ಯಾನ ಮಾಡಲಾರೆವು. ಕಲಿಸುವಾಗಲೂ ಕಲಿಯುವಾಗಲೂ ಕಂಡದ್ದನ್ನು ಹೇಳಬಲ್ಲೆವು. ನಮ್ಮ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಗೈಡು ಕೊಳ್ಳುತ್ತಾರೆ. ಅದರಲ್ಲಿ ಸಾವಿರಾರು ಕಠಿಣ ಶಬ್ದಗಳು ‘ಎ’ ಅಕ್ಷರದಿಂದ ಸಾಲಾಗಿ ನಿಂತಿರುತ್ತವೆ. ಮೊದಲ ಶಬ್ದವೇ ‘ಅಬಾಂಡನ್’, ಎಂದರೆ ಬಿಟ್ಟುಬಿಡು. ಬಹಳ ಮಂದಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ! ಹಠ ಹಿಡಿದು ಮುಂದುವರಿದವರೂ ‘ಬಿ’ಗೆ ಬರುವಷ್ಟರಲ್ಲಿ ‘ಎ’ಯನ್ನು ಮರೆತಿರುತ್ತಾರೆ. ದೋಷ ಹುಡುಗರ ತಲೆಯದಲ್ಲ. ಅಕ್ಷರಕ್ರಮ ಎಂಬುದು ಶಬ್ದವನ್ನು ಹುಡುಕಲು ಅನುಕೂಲವಾದ ಏರ್ಪಾಡೇ ಹೊರತು ಕಲಿಯುವ ಏರ್ಪಾಡಲ್ಲ. ಊರಿನ ಜನರನ್ನು ಮತದಾರರ ಪಟ್ಟಿ ಓದಿ ಯಾರಾದರೂ ಪರಿಚಯ ಮಾಡಿಕೊಳ್ಳುತ್ತಾರೆಯೇ? ಯಾರ ಮನೆಯವರು, ಯಾರ ಬೀಗರು ಎಂದು ಕೇಳಿ ತಾನೇ ಪರಿಚಯ ಮಾಡಿಕೊಳ್ಳುವುದು? ಶಬ್ದಗಳಿಗೂ ಮನೆತನವುಂಟು, ಜಾತಿಯೂ ಉಂಟು, ಮೇಲುಕೀಳೂ ಉಂಟು.

ಈ ಮೇಲುಕೀಳಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಂಗ್ಲಿಷಿನ ದೊಡ್ಡ ಶಬ್ದಗಳೆಲ್ಲ ಇಂಗ್ಲಿಷ್ ಜನರ ಸ್ವಂತ ಆಸ್ತಿಯೆಂದು ನಾವು ಭಾವಿಸಿದ್ದೇವೆ. ಹಾಗಿಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದನು. ಅಂದಿನಿಂದ ಸುಮಾರು ಮುನ್ನೂರು ವರ್ಷ ಅಲ್ಲಿಯ ಅರಮನೆ, ಜಮೀನ್ದಾರಿಕೆ, ನ್ಯಾಯಸ್ಥಾನಗಳಲ್ಲಿ ನಡೆದದ್ದು ಫ್ರೆಂಚ್ ಮಾತು; ಮಠಗಳಲ್ಲಿಯೂ ದಫ್ತರಗಳಲ್ಲಿಯೂ ಲ್ಯಾಟಿನ್. ಹೊಲದಲ್ಲಿ ಮೈಮುರಿದವನ ಮಾತು ಮಾತ್ರ ಇಂಗ್ಲಿಷ್. ಕೊಟ್ಟಿಗೆಯಲ್ಲಿರುವವರೆಗೆ ‘ಷೀಪ್’, ದೊಡ್ಡವರ ತಟ್ಟೆಗೆ ಬಂದೊಡನೆ ‘ಮಟನ್’. ಮೇಯಿಸುವವನು ಕರೆದ ಹೆಸರು ಇಂಗ್ಲಿಷಿನದು, ತಿನ್ನುವವನು ಕರೆದ ಹೆಸರು ಫ್ರೆಂಚಿನದು. ಹಂದಿಗೂ ಹಸುವಿಗೂ ಇದೇ ಗತಿ. ನ್ಯಾಯಾಲಯದಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂದು 1362ರಲ್ಲಿಯೇ ಶಾಸನವಾಯಿತು; ವಕೀಲರ ಫ್ರೆಂಚೂ ದಫ್ತರದ ಲ್ಯಾಟಿನ್ನೂ ಪೂರ್ತಿ ಕಾಲು ತೆಗೆದದ್ದು 1733ರಲ್ಲಿ. ನಡುವೆ ಎಷ್ಟು ಶತಮಾನ ಕಳೆಯಿತೆಂದು ಲೆಕ್ಕ ಹಾಕಿ. ಇಂಗ್ಲೆಂಡಿನ ರೈತನೂ ತನ್ನ ಊರಿನ ಕೋರ್ಟಿನಲ್ಲಿ ಪರಭಾಷೆಯ ಎದುರು ಕೈಕಟ್ಟಿ ನಿಂತವನೇ.

ಇದನ್ನು ತಿಳಿದರೆ ಶಬ್ದಗಳ ಅಂತಸ್ತು ಅರ್ಥವಾಗುತ್ತದೆ. ‘ಕೇಳು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಶಬ್ದಗಳಿವೆ: ಆಸ್ಕ್, ಕ್ವೆಶ್ಚನ್, ಇಂಟರಾಗೇಟ್. ಮೊದಲನೆಯದು ಮಣ್ಣಿನ ಇಂಗ್ಲಿಷು, ಎರಡನೆಯದು ಫ್ರೆಂಚಿನ ಮೂಲಕ ಬಂದದ್ದು, ಮೂರನೆಯದು ನೇರ ಲ್ಯಾಟಿನ್. ನೆರೆಮನೆಯವನು ‘ಆಸ್ಕ್’ ಮಾಡುತ್ತಾನೆ, ಶಾಸನಸಭೆಯ ಸದಸ್ಯ ‘ಕ್ವೆಶ್ಚನ್’ ಮಾಡುತ್ತಾನೆ, ಪೋಲೀಸಿನವನು ‘ಇಂಟರಾಗೇಟ್’ ಮಾಡುತ್ತಾನೆ. ಗೈಡಿನಲ್ಲಿ ಮೂರಕ್ಕೂ ಒಂದೇ ಅರ್ಥ ಬರೆದಿರುತ್ತದೆ. ನೆರೆಯವನನ್ನು ‘ಇಂಟರಾಗೇಟ್’ ಮಾಡಿದೆನೆಂದು ಬರೆದ ಹುಡುಗನಿಗೆ ಮಾರ್ಕು ಹೋಗುವುದು ಇದರಿಂದಲೇ. ಒಂದು ಶಬ್ದದ ಅರ್ಥದ ಜೊತೆಗೆ ಅದು ಯಾರ ಬಾಯಲ್ಲಿ, ಎಂತಹ ಸ್ಥಳದಲ್ಲಿ ಬರುತ್ತದೆಂಬುದನ್ನು ಬರೆದಿಟ್ಟುಕೊಳ್ಳದಿದ್ದರೆ ಆ ಶಬ್ದ ಕಲಿತಂತಾಗಲಿಲ್ಲ.

ನಮ್ಮಲ್ಲಿಯೂ ಇದೇ ಆಗಿದೆಯಲ್ಲ! ಅರ್ಜಿ, ವಕೀಲ, ಜಮೀನು, ಜಪ್ತಿ, ಹರಾಜು, ಫಿರ್ಯಾದಿ—ಇವು ಯಾವುದೂ ನಮ್ಮ ಅಜ್ಜನ ಕಾಲದ ಅಚ್ಚಗನ್ನಡವಲ್ಲ. ಅರಬ್ಬಿ, ಪಾರಸಿಗಳಿಂದ ಆಳುವವರ ಬೆನ್ನಹಿಂದೆ ಬಂದವು. ಇಂದು ಅಕ್ಷರ ಬಾರದ ಮುದುಕಿಯೂ ‘ಜಪ್ತಿಗೆ ಬಂದವ್ರೆ’ ಎಂದರೆ ಎದ್ದು ಕೂರುತ್ತಾಳೆ. ಅವಳಿಗೆ ಗೈಡು ಯಾರು ಕೊಟ್ಟರು? ಬೇಕಾದ ಶಬ್ದವನ್ನು ಬೇಕಾದಾಗ ಜನ ಕಲಿತೇ ಕಲಿಯುತ್ತಾರೆ.

ಈಗ ಮನೆತನದ ಮಾತಿಗೆ ಬರೋಣ. ಶಾಲೆಯಲ್ಲಿ ಉಪಸರ್ಗದ ಪಾಠ ಕೇಳಿದ್ದೀರಿ. ‘ಹಾರ’ ಎಂಬುದರ ಹಿಂದೆ ಬೇರೆಬೇರೆ ಉಪಸರ್ಗ ಹಚ್ಚಿದರೆ ಆಹಾರ, ವಿಹಾರ, ಸಂಹಾರ, ಪ್ರಹಾರ ಆಗುತ್ತವೆ. ಲ್ಯಾಟಿನ್ನಿನಿಂದ ಬಂದ ಇಂಗ್ಲಿಷ್ ಶಬ್ದಗಳ ಕಟ್ಟಡವೂ ಇದೇ. ಸಂಸ್ಕೃತದ ಉಪಸರ್ಗ ಗೊತ್ತಿರುವ ನಮ್ಮ ಹುಡುಗನಿಗೆ ಇದು ಹೊಸ ವಿದ್ಯೆಯಲ್ಲ. ಮೇಷ್ಟರು ಎರಡನ್ನೂ ಬೇರೆ ಬೇರೆ ಪೀರಿಯಡ್ಡಿನಲ್ಲಿ ಹೇಳಿದ್ದರಿಂದ ಅವನಿಗೆ ಗುರುತು ಸಿಕ್ಕಿಲ್ಲ, ಅಷ್ಟೇ.

ನಮಗೆ ಹತ್ತಿರವಾದ ಒಂದು ಶಬ್ದ ತೆಗೆದುಕೊಳ್ಳಿ: ‘ಟೆನೆಂಟ್’. ಲ್ಯಾಟಿನ್ನಿನ ‘ಟೆನ್’ ಎಂಬ ಧಾತುವಿಗೆ ಹಿಡಿ ಎಂದು ಅರ್ಥ. ಹಿಡಿದಿರುವವನು ಟೆನೆಂಟ್. ಹಿಡಿದಿರುವ ಹಕ್ಕು ಟೆನ್ಯೂರ್. ಬಿಡದೆ ಹಿಡಿದುಕೊಂಡರೆ ರಿಟೈನ್. ಕೆಳಗಿನಿಂದ ಆತು ಹಿಡಿದರೆ ಸಸ್ಟೈನ್. ಕೈಯಿಂದ ಹಿಡಿದು ನಡೆಸಿದರೆ ಮೇಂಟೈನ್. ಅದರಲ್ಲಿಯ ‘ಮೇನ್’ ಕೈ ಎಂಬುದೇ. ಇನ್ನೊಬ್ಬನ ಸ್ಥಾನ ಹಿಡಿದು ನಿಂತವನು ಲೆಫ್ಟಿನೆಂಟ್. ಹೋಗಗೊಡದೆ ತಡೆಹಿಡಿದರೆ ಡಿಟೈನ್, ಹಾಗೆ ಹಿಡಿಯಲ್ಪಟ್ಟವನು ‘ಡೆಟೆನ್ಯೂ’. 1975ರಿಂದ 77ರವರೆಗೆ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದ ನಮ್ಮ ಹಿರಿಯರಿಗೆ ಸರಕಾರದ ಕಾಗದದಲ್ಲಿದ್ದ ಹೆಸರು ಅದು. ನೆಲ ಹಿಡಿದವನೂ ಸರಕಾರ ಹಿಡಿದವನೂ ಶಬ್ದದಲ್ಲಿ ಅಣ್ಣತಮ್ಮಂದಿರು. ಈ ಎಂಟು ಶಬ್ದಗಳನ್ನು ಗೈಡಿನಲ್ಲಿ ಹುಡುಕಿದರೆ ಎಂಟು ಕಡೆ ಸಿಕ್ಕುತ್ತವೆ. ಇಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಬಂದವು.

ಟೆನೆಂಟನ ಶತ್ರುವಾದ ಶಬ್ದ ‘ಎವಿಕ್ಟ್’. ನಮ್ಮಲ್ಲಿ ಒಕ್ಕಲೆಬ್ಬಿಸುವುದು ಎನ್ನುತ್ತೇವೆ. ಇದರ ಧಾತುವಿಗೆ ಗೆಲ್ಲು ಎಂದು ಅರ್ಥ, ಅದರಿಂದಲೇ ವಿಕ್ಟರಿ. ಮುಂದಿನ ‘ಎ’ ಎಂಬುದು ‘ಎಕ್ಸ್’ನ ಮೊಟಕು, ಹೊರಕ್ಕೆ ಎಂದರ್ಥ. ಗೆದ್ದು ಹೊರಕ್ಕೆ ಹಾಕುವುದೇ ಎವಿಕ್ಷನ್. ಅಪರಾಧ ರುಜುವಾತಾಗಿ ಸೋತವನು ಕನ್‌ವಿಕ್ಟ್. ವಾದದಲ್ಲಿ ಗೆದ್ದು ಮನಸ್ಸನ್ನು ಒಲಿಸಿದರೆ ಕನ್‌ವಿನ್ಸ್. ಗೆಲ್ಲಲಾಗದವನು ಇನ್‌ವಿನ್ಸಿಬಲ್. ಕನ್ನಡದಲ್ಲಿ ಒಕ್ಕಲನ್ನು ಎಬ್ಬಿಸಿದರು ಎನ್ನುವಾಗ ಕುಳಿತವನು ಎದ್ದು ಹೋದ ಚಿತ್ರ ಕಾಣುತ್ತದೆ. ಲ್ಯಾಟಿನ್ನಿನಲ್ಲಿ ಯುದ್ಧವೇ ಕಾಣುತ್ತದೆ. ಯಾವುದು ಹೆಚ್ಚು ಸತ್ಯವೋ ನೀವೇ ಹೇಳಿ.

‘ಲ್ಯಾಂಡ್‌ಲಾರ್ಡ್’ ಮಾತ್ರ ಹೊರಗಿನಿಂದ ಬಂದದ್ದಲ್ಲ, ಅಚ್ಚ ಇಂಗ್ಲಿಷು. ‘ಲಾರ್ಡ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ರೊಟ್ಟಿ ಕಾಯುವವನು ಎಂಬ ಎರಡು ಮಾತು ಕೂಡಿ ಸವೆದು ಆದ ಶಬ್ದ. ‘ಲೇಡಿ’ ಎಂದರೆ ರೊಟ್ಟಿಯ ಹಿಟ್ಟು ನಾದುವವಳು. ಬೆಳೆದವನ ಹೆಸರು ಇದರಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಕೈಯಿಂದ ಕೆಲಸ ಮಾಡು ಎಂಬ ಫ್ರೆಂಚ್ ಮಾತಿನಿಂದ ಎರಡು ಶಬ್ದ ಇಳಿದವು. ಒಂದು ಸೇನಾಪತಿಗಳ ಪಾಲಿಗೆ ಹೋಗಿ ‘ಮನೂವರ್’ ಆಯಿತು, ಸೈನ್ಯವನ್ನು ಚಾತುರ್ಯದಿಂದ ನಡೆಸುವುದು. ಇನ್ನೊಂದು ರೈತನ ಪಾಲಿಗೆ ಬಂದು ಮೊದಲು ನೆಲ ಗೇಯುವುದಾಯಿತು, ಕೊನೆಗೆ ‘ಮ್ಯಾನ್ಯೂರ್’, ಅಂದರೆ ಗೊಬ್ಬರವಾಯಿತು! ‘ಎಮ್ಯಾನ್ಸಿಪೇಷನ್’ ಎಂಬ ದೊಡ್ಡ ಶಬ್ದದಲ್ಲಿಯೂ ಅದೇ ಕೈ ಇದೆ: ಕೈಹಿಡಿತದಿಂದ ಹೊರಬಿಡುವುದು.

ಆದರೆ ಈ ವಿದ್ಯೆಯನ್ನೇ ನಂಬಿ ಕೂಡಬಾರದು. ‘ಮ್ಯಾನುಫ್ಯಾಕ್ಚರ್’ ಎಂದರೆ ಕೈಯಿಂದ ಮಾಡುವುದು ಎಂದಿದ್ದದ್ದು ಈಗ ಯಂತ್ರದಿಂದ ಮಾಡುವುದಾಗಿದೆ. ಹುಟ್ಟು ನೋಡಿ ಗುಣ ಹೇಳುವುದು ಮನುಷ್ಯರಲ್ಲಿ ಎಷ್ಟು ತಪ್ಪೋ ಶಬ್ದಗಳಲ್ಲಿಯೂ ಅಷ್ಟೇ ತಪ್ಪು. ಧಾತು ಗುರುತು ಹಿಡಿಯಲು ಸಾಕು. ಅರ್ಥ ನಿಶ್ಚಯವಾಗುವುದು ವಾಕ್ಯದಲ್ಲಿಯೇ.

ವಾಕ್ಯ ಎಂದಾಗ ನಮಗೆ ಪೇಟೆಬೀದಿಯ ಒಬ್ಬ ದರ್ಜಿಯ ನೆನಪು ಬರುತ್ತದೆ. ಹೆಸರು ಬೇಡ. ಬಾಡಿಗೆಯ ಸಣ್ಣ ಮಳಿಗೆ, ಎರಡು ಮೆಷಿನ್ನು. ಮೂರು ತಿಂಗಳ ಬಾಡಿಗೆ ನಿಂತಿತ್ತು. ಮಾಲೀಕನು ವಕೀಲರಿಂದ ಇಂಗ್ಲಿಷಿನಲ್ಲಿ ನೋಟೀಸು ಕೊಡಿಸಿದ. ಮಗ ಕಾಲೇಜಿಗೆ ಹೋಗುತ್ತಿದ್ದವನು, ಕಠಿಣ ಶಬ್ದಗಳ ಗೈಡನ್ನು ಉರುಹೊಡೆದವನು. ಅವನು ಓದಿ, ‘ಅಪ್ಪ, ಎವಿಕ್ಟ್ ಅಂತ ಬರ್ದಿದೆ, ಕೋರ್ಟಿಗೆಳೀತಾರಂತೆ’ ಎಂದ. ಕೋರ್ಟಿನ ಹೆಸರು ಕೇಳಿ ಹೆದರಿದ ಅಪ್ಪ ಆ ರಾತ್ರಿಯೇ ಮೆಷಿನ್ನುಗಳನ್ನು ಮನೆಗೆ ಹೊರಿಸಿಕೊಂಡು ಬಂದು ಬೀಗದ ಕೈಯನ್ನು ಮಾಲೀಕನಿಗೆ ಒಪ್ಪಿಸಿಬಿಟ್ಟ. ಆಮೇಲೆ ಆ ಕಾಗದ ನಮ್ಮ ಕೈಗೆ ಬಂತು. ಅದರಲ್ಲಿದ್ದದ್ದು ಇಷ್ಟು: ಹದಿನೈದು ದಿನದೊಳಗೆ ಬಾಕಿ ಕೊಡದಿದ್ದರೆ ಮಳಿಗೆ ಬಿಡಿಸಲು ಕೋರ್ಟಿಗೆ ಹೋಗುತ್ತೇವೆ. ಬಾಕಿಯ ಹಣ ದರ್ಜಿಯ ಪೆಟ್ಟಿಗೆಯಲ್ಲಿತ್ತು. ಮಗನಿಗೆ ‘ಎವಿಕ್ಟ್’ ಗೊತ್ತಿತ್ತು, ಆ ವಾಕ್ಯದ ಮೊದಲಿಗಿದ್ದ ‘ಅನ್‌ಲೆಸ್’ ಎಂಬ ಚಿಕ್ಕ ಶಬ್ದವನ್ನು ಅವನು ದಾಟಿಹೋಗಿದ್ದ. ಇಪ್ಪತ್ತು ವರ್ಷ ಕೂತ ಮಳಿಗೆ ಹೋಯಿತು.

ಆದುದರಿಂದ ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ಶಬ್ದ ಬರೆಯಬೇಡಿ. ಅನ್‌ಲೆಸ್, ಅಂಟಿಲ್, ಪ್ರೊವೈಡೆಡ್ ದಟ್, ಸಬ್ಜೆಕ್ಟ್ ಟು, ನಾಟ್‌ವಿತ್‌ಸ್ಟ್ಯಾಂಡಿಂಗ್, ಮೇ, ಷಲ್—ಇವನ್ನು ಬರೆಯಿರಿ. ಕಾನೂನಿನ ಕಾಗದದಲ್ಲಿ ಉದ್ದುದ್ದ ಶಬ್ದಗಳು ಮೆರವಣಿಗೆಯ ಆನೆಗಳು. ದಾರಿ ತಿರುಗಿಸುವವು ಈ ಮಾವುತರು. ಇವನ್ನು ಕಲಿತ ಮೇಲೆ ‘ಎಕ್ಸ್ ಪಾರ್ಟಿ’, ಅಂದರೆ ಒಂದೇ ಕಡೆಯವರನ್ನು ಕೇಳಿ ಕೊಟ್ಟದ್ದು. ‘ಅಫಿಡವಿಟ್’, ಅಂದರೆ ಪ್ರಮಾಣಮಾಡಿ ಹೇಳಿದ್ದಾನೆ ಎಂಬ ಲ್ಯಾಟಿನ್ ವಾಕ್ಯ. ‘ಮಾರ್ಟ್‌ಗೇಜ್’, ಅಂದರೆ ಸತ್ತ ಒತ್ತೆ. ಸಾಲ ತೀರಿಸದಿದ್ದರೆ ನೆಲ ಸಾಲಗಾರನ ಪಾಲಿಗೆ ಸತ್ತಂತೆ, ತೀರಿಸಿದರೆ ಒತ್ತೆಯು ಧಣಿಯ ಪಾಲಿಗೆ ಸತ್ತಂತೆ ಎಂದು ಇಂಗ್ಲೆಂಡಿನ ನ್ಯಾಯಾಧೀಶ ಎಡ್ವರ್ಡ್ ಕೋಕ್ ವಿವರಣೆ ಕೊಟ್ಟಿದ್ದಾನೆ. ಯಾರು ಸಾಯಬೇಕೆಂಬುದು ವಾಯಿದೆಯ ದಿನ ಗೊತ್ತಾಗುತ್ತದೆ.

ಎಷ್ಟು ಶಬ್ದ ಬೇಕು ಎಂದು ಕೇಳುತ್ತೀರಿ. ಇದನ್ನು ಎಣಿಸಿದವರಿದ್ದಾರೆ. ಢಾಕಾದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದು ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಓದಿಸುವ ಕಷ್ಟವನ್ನು ಕಣ್ಣಾರೆ ಕಂಡ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2,000 ಶಬ್ದಗಳ ಪಟ್ಟಿಯನ್ನು ಹೊರತಂದರು. ಸಾಮಾನ್ಯ ಬರಹದ ನೂರು ಮಾತುಗಳಲ್ಲಿ ಸುಮಾರು 80 ಈ ಪಟ್ಟಿಯವೇ. ಎಸ್.ಎಸ್.ಎಲ್.ಸಿ.ವರೆಗೆ ಗಮನವಿಟ್ಟು ಓದಿದವರಿಗೆ ಇವುಗಳಲ್ಲಿ ಬಹುಪಾಲು ಪರಿಚಿತ. 2000ದಲ್ಲಿ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬ ಮಹಿಳೆ ಕಾಲೇಜಿನ ಪಠ್ಯಗಳಲ್ಲಿ ವಿಷಯ ಯಾವುದಾದರೂ ಮತ್ತೆ ಮತ್ತೆ ಬರುವ 570 ಶಬ್ದಕುಟುಂಬಗಳನ್ನು ಆರಿಸಿ ಕೊಟ್ಟರು. ಅಂತಹ ಬರಹದ ನೂರು ಮಾತಿನಲ್ಲಿ ಹತ್ತು ಇವು. ದಿನಕ್ಕೆ ಐದರಂತೆ ಹಿಡಿದರೂ ನಾಲ್ಕು ತಿಂಗಳೊಳಗೆ ಮುಗಿಯುವ ಕೆಲಸ. ಕಾದಂಬರಿ, ವೃತ್ತಪತ್ರಿಕೆಗಳನ್ನು ನಿಘಂಟಿಲ್ಲದೆ ಓದಬೇಕಾದರೆ ಎಂಟೊಂಬತ್ತು ಸಾವಿರ ಕುಟುಂಬ ಬೇಕೆಂದು ಪಾಲ್ ನೇಷನ್ ಎಂಬ ವಿದ್ವಾಂಸರು 2006ರಲ್ಲಿ ಲೆಕ್ಕ ತೋರಿಸಿದ್ದಾರೆ. ಅದು ವರ್ಷಗಳ ಓದಿನಿಂದ ಬರತಕ್ಕದ್ದು, ಗೈಡಿನಿಂದ ಬರುವುದಿಲ್ಲ.

ಮರೆವಿಗೆ ಮದ್ದು ಹಳೆಯದೇ. ಕಲಿತ ಮೊದಲ ದಿನವೇ ಹೆಚ್ಚು ಮರೆಯುತ್ತೇವೆ, ಮೇಲೆಮೇಲೆ ನಿಧಾನವಾಗುತ್ತದೆ ಎಂದು ಜರ್ಮನಿಯ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದ. ಲೈಟ್ನರ್ ಎಂಬಾತ 1972ರಲ್ಲಿ ಡಬ್ಬಿಯ ಉಪಾಯ ಹೇಳಿದ. ಅದಕ್ಕೆ ದುಡ್ಡು ಬೇಡ. ಹಳೆಯ ಲಗ್ನಪತ್ರಿಕೆಗಳನ್ನು ಚೀಟಿಗಳಾಗಿ ಕತ್ತರಿಸಿ. ಒಂದು ಬದಿಗೆ ಶಬ್ದ, ಇನ್ನೊಂದು ಬದಿಗೆ ಅದು ಸಿಕ್ಕಿದ ವಾಕ್ಯ ಮತ್ತು ಕನ್ನಡದ ಮಾತು. ಮೂರು ಡಬ್ಬಿ ಸಾಕು. ಮೊದಲ ಡಬ್ಬಿಯದು ಪ್ರತಿದಿನ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಹೇಳಲು ಬಂದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ್ದು ಮತ್ತೆ ಮೊದಲ ಡಬ್ಬಿಗೆ. ಫೇಲಾದವನನ್ನು ಶಾಲೆಯಿಂದಲೇ ಅಟ್ಟುವ ಪದ್ಧತಿಗಿಂತ ಇದು ಎಷ್ಟೋ ವಾಸಿ.

ದೊಡ್ಡ ಶಬ್ದವನ್ನು ಬಳಸುವ ವಿಚಾರದಲ್ಲಿ ಮಾತ್ರ ನಮ್ಮದು ಕಟ್ಟುನಿಟ್ಟಿನ ಅಭಿಪ್ರಾಯ. ಓದಲು ಎಷ್ಟಾದರೂ ಕಲಿಯಿರಿ, ಬರೆಯುವಾಗ ಜಿಪುಣರಾಗಿರಿ. ಇದಕ್ಕೆ ಐರ್ಲೆಂಡಿನ ರೈತರ ಒಂದು ಉದಾಹರಣೆಯುಂಟು. 1880ರಲ್ಲಿ ಅಲ್ಲಿಯ ಮೇಯೋ ಜಿಲ್ಲೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನಿದ್ದ. ಬೆಳೆ ಕೆಟ್ಟಿತ್ತು. ಗೇಣಿಯಲ್ಲಿ ನೂರಕ್ಕೆ 25 ಇಳಿಸಬೇಕೆಂದು ಒಕ್ಕಲುಗಳು ಕೇಳಿದರು, ಜಮೀನ್ದಾರ ಹತ್ತಕ್ಕೆ ನಿಂತ. ಅವನ ಕಾರಭಾರಿ, ಒಬ್ಬ ಕ್ಯಾಪ್ಟನ್, ಒಕ್ಕಲೆಬ್ಬಿಸುವ ನೋಟೀಸುಗಳನ್ನು ಹೊರಡಿಸಿದ. ಜನ ಅವನ ಮೇಲೆ ಕೈಮಾಡಲಿಲ್ಲ, ಅವನನ್ನು ಊರಿಂದಲೇ ಬೇರೆ ಮಾಡಿದರು. ಆಳುಗಳು ಕೆಲಸ ಬಿಟ್ಟರು, ಅಂಗಡಿಯವನು ಸಾಮಾನು ಕೊಡಲಿಲ್ಲ, ಕಮ್ಮಾರ ಕೆಲಸ ಮಾಡಿಕೊಡಲಿಲ್ಲ. ಹೊಲದಲ್ಲಿದ್ದ ಬೆಳೆಯನ್ನು ಕೀಳಲು ಉತ್ತರದಿಂದ ಸುಮಾರು 50 ಜನರನ್ನು ಕರೆತಂದು ಅವರ ಕಾವಲಿಗೆ ನೂರಾರು ಸಿಪಾಯಿಗಳನ್ನು ನಿಲ್ಲಿಸಬೇಕಾಯಿತು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚೇ ಎಷ್ಟೋ ಪಾಲು ಹೆಚ್ಚು.

ಈ ಹೋರಾಟಕ್ಕೆ ಹೆಸರೇನು? ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ ಬರೆದಿಟ್ಟಿರುವ ಪ್ರಕಾರ, ಅವನು ಅಲ್ಲಿಯ ಪಾದ್ರಿ ಓಮ್ಯಾಲಿಯವರೊಡನೆ ಊಟಕ್ಕೆ ಕುಳಿತಾಗ ಇದೇ ಚರ್ಚೆ ಬಂತು. ‘ಆಸ್ಟ್ರಸೈಸ್’ ಎಂಬ ಶಬ್ದ ಸಿದ್ಧವಾಗಿತ್ತು. ಅದು ಗ್ರೀಕರದು: ಊರಿಂದ ಹೊರಹಾಕಬೇಕಾದವನ ಹೆಸರನ್ನು ಅಥೆನ್ಸಿನವರು ಮಡಕೆಯ ಚೂರಿನ ಮೇಲೆ ಗೀಚಿ ಮತ ಹಾಕುತ್ತಿದ್ದರು, ಆ ಚೂರಿನ ಹೆಸರಿನಿಂದ ಆದದ್ದು. ಆದರೆ ಈ ಶಬ್ದ ರೈತರಿಗೆ ತಿಳಿಯುವುದಿಲ್ಲವಲ್ಲ! ಪಾದ್ರಿಗಳು ಸ್ವಲ್ಪ ಯೋಚಿಸಿ ಆ ಕ್ಯಾಪ್ಟನ್ನನ ಹೆಸರನ್ನೇ ಕ್ರಿಯಾಪದ ಮಾಡಿದರೆ ಹೇಗೆ ಎಂದರಂತೆ. ಅವನ ಹೆಸರು ಚಾರ್ಲ್ಸ್ ಬಾಯ್ಕಾಟ್. ವರ್ಷ ಮುಗಿಯುವ ಮೊದಲೇ ಆ ಶಬ್ದ ಲಂಡನ್ನಿನ ಪತ್ರಿಕೆಗಳನ್ನು ಹೊಕ್ಕಿತು, ಅಲ್ಲಿಂದ ಫ್ರೆಂಚಿಗೆ, ಜರ್ಮನಿಗೆ. 1905ರ ಸ್ವದೇಶಿ ಚಳುವಳಿಯಲ್ಲಿ ನಮ್ಮ ದೇಶದಲ್ಲೆಲ್ಲ ಹರಡಿತು. ಗೇಣಿ ಕೊಡುವವರು ಇಂಗ್ಲಿಷ್ ನಿಘಂಟಿಗೆ ಕೊಟ್ಟ ಶಬ್ದ ಇದು. ವಿದ್ವಾಂಸರ ಶಬ್ದ ಕೈಯಲ್ಲಿದ್ದೂ ಅದನ್ನು ಬದಿಗಿಟ್ಟರಲ್ಲ, ಶಬ್ದಜ್ಞಾನವೆಂದರೆ ಅದು ಎಂದು ನಮ್ಮ ಎಣಿಕೆ.

ನಮ್ಮ ಕಡೆಯದನ್ನೂ ಒಂದು ಹೇಳಿಬಿಡುತ್ತೇವೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಜಗಳಕ್ಕೆ ಬಂದದ್ದು ಗೇಣಿಯ ಭತ್ತ ಅಳೆಯುವ ಕೊಳಗ. ಅಳೆಯುವವರು ಯಾರೆಂಬುದರ ಮೇಲೆ ಕೊಳಗದ ಗಾತ್ರ ಬೇರೆಯಾಗುತ್ತಿತ್ತು, ಶಬ್ದ ಮಾತ್ರ ಒಂದೇ. ಅದು ಕನ್ನಡದ ಶಬ್ದವೇ, ಎಲ್ಲರಿಗೂ ಗೊತ್ತಿದ್ದದ್ದೇ. ಮಾತೃಭಾಷೆಯಾದ ಮಾತ್ರಕ್ಕೆ ಮೋಸವಿಲ್ಲವೆಂದು ತಿಳಿಯಬಾರದು. ಶಬ್ದದೊಳಗೆ ಎಷ್ಟು ಹಿಡಿಯುತ್ತದೆಂದು ಅಳೆದು ನೋಡುವ ಅಭ್ಯಾಸ ಯಾವ ಭಾಷೆಯಲ್ಲಿಯಾದರೂ ಬೇಕು.

ಇನ್ನು ಕೆಲಸದ ಮಾತು. ಬರುವ ಮಂಗಳವಾರದಿಂದ ವಾರಕ್ಕೆ ಎರಡು ರಾತ್ರಿ, ಊಟವಾದ ಮೇಲೆ, ಇದೇ ಜಾಗದಲ್ಲಿ ತರಗತಿ ನಡೆಯುತ್ತದೆ. ಶುಲ್ಕವಿಲ್ಲ. ಗೈಡು ತರಬೇಡಿ. ಮನೆಯ ಹಲಗೆಪೆಟ್ಟಿಗೆಯಲ್ಲಿ, ದೇವರ ಪಟದ ಹಿಂದೆ, ಸೂರಿನಲ್ಲಿ ಸಿಕ್ಕಿಸಿಟ್ಟ ಇಂಗ್ಲಿಷ್ ಕಾಗದಗಳೇನಿದ್ದರೂ ತನ್ನಿ: ನೋಟೀಸು, ಬ್ಯಾಂಕಿನ ಪತ್ರ, ವಿಮೆಯ ಕಾಗದ, ಏನಾದರೂ ಸರಿ. ನಮ್ಮ ಪಠ್ಯಪುಸ್ತಕ ಅದೇ. ಪ್ರತಿಯೊಂದು ಕಾಗದವನ್ನೂ ತರಗತಿಯಲ್ಲಿ ಓದಿ, ಶಬ್ದಗಳನ್ನು ಚೀಟಿಗೆ ಇಳಿಸಿ, ಒಟ್ಟು ಅರ್ಥವನ್ನು ನಿಮ್ಮ ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ನೀವೇ ಒಂದು ಹಾಳೆಯ ಮೇಲೆ ಬರೆಯಬೇಕು. ಆ ಹಾಳೆಯನ್ನು ಮೂಲ ಕಾಗದಕ್ಕೆ ಪೋಣಿಸಿ ಮನೆಗೆ ಒಯ್ಯಬೇಕು. ವಾಯಿದೆ ಹತ್ತಿರವಿರುವ ಕಾಗದ ಯಾರಲ್ಲಾದರೂ ಇದ್ದರೆ ಮಂಗಳವಾರದವರೆಗೆ ಕಾಯುವುದು ಬೇಡ. ಈ ಸಭೆ ಮುಗಿದೊಡನೆ ನಮ್ಮನ್ನು ಕಾಣಬಹುದು.